ಕೊಂಬಿನ ದುಂಬಿ, ಕೆಂಪು ಮೂತಿ ಮತ್ತು ನಾನು ಕಟ್ಟಿದ ಬಕೆಟ್ಟು

ಕೆಲಸಕ್ಕೆ ಸೇರಿದ ಮೊದಲ ದಿನ ಮಧ್ಯಾಹ್ನ ನನ್ನ ಮೇಲಧಿಕಾರಿ ವೇಲುಸ್ವಾಮಿಯವರು ಮೇಜಿನ ಮೇಲಿದ್ದ ಸ್ಟೀಲಿನ ಊಟದ ಡಬ್ಬಿಯನ್ನು ನನ್ನ ಕಡೆ ತಳ್ಳಿ, "ತೆಗೆಯಮ್ಮ" ಎಂದರು. ಹೊಸಬಳು ಹಸಿದಿರಬಹುದೆಂದು ಕೊಡುತ್ತಿದ್ದಾರೆ ಅಂದುಕೊಂಡು ಮುಚ್ಚಳ ತೆಗೆದೆ. ಒಳಗೆ ಎರಡು ದುಂಬಿಗಳಿದ್ದವು. ಎರಡೂ ಜೀವಂತ. ಕಪ್ಪಗಿನದೊಂದು ನನ್ನ ಬೆರಳನ್ನೇ ಹತ್ತಿತು. ನಾನು ಕಿರುಚಿದ್ದು ಪಕ್ಕದ ದನದ ಆಸ್ಪತ್ರೆಯವರೆಗೂ ಕೇಳಿಸಿತಂತೆ.

ವೇಲುಸ್ವಾಮಿಯವರು ನಗಲಿಲ್ಲ. ದುಂಬಿಯನ್ನು ನನ್ನ ಬೆರಳಿನಿಂದ ಮೆಲ್ಲಗೆ ಬಿಡಿಸಿ ಮೇಜಿನ ಮೇಲಿಟ್ಟು ತಮಿಳಿನಲ್ಲಿ ಕೇಳಿದರು: "ಈ ಎರಡರಲ್ಲಿ ತೆಂಗಿನ ಮರ ಕೊಲ್ಲೋದು ಯಾವುದಮ್ಮ?"

ಕಪ್ಪು ದುಂಬಿ ನನ್ನ ಹೆಬ್ಬೆರಳಿನಷ್ಟು ದಪ್ಪ. ತಲೆಯ ಮೇಲೆ ಹಿಂದಕ್ಕೆ ಬಾಗಿದ ಒಂದು ಕೊಂಬು. ಹಿಡಿದರೆ ಕಿರ್ ಕಿರ್ ಎಂದು ಸದ್ದು ಬೇರೆ ಮಾಡುತ್ತಿತ್ತು. ಇನ್ನೊಂದು ಅದಕ್ಕಿಂತ ಚಿಕ್ಕದು. ಇಟ್ಟಿಗೆಯಂಥ ಕೆಂಪು ಬಣ್ಣ, ಎದೆಯ ಮೇಲೆ ಕಪ್ಪು ಚುಕ್ಕೆಗಳು, ಮುಂದಕ್ಕೆ ಚಾಚಿದ ಉದ್ದ ಮೂತಿ. ನಾಚಿಕೊಂಡಂತೆ ಡಬ್ಬಿಯ ಮೂಲೆಯಲ್ಲಿ ಕೂತಿತ್ತು. ನಾನು ಒಂದು ಕ್ಷಣವೂ ಯೋಚಿಸದೆ ಕೊಂಬಿನದನ್ನು ತೋರಿಸಿದೆ.

"ತಪ್ಪು" ಎಂದರು. "ಇನ್ನು ಮೂರು ತಿಂಗಳು ನೀನು ಕುರ್ಚಿಯಲ್ಲಿ ಕೂರಬೇಡ. ಈ ಎರಡರ ಹಿಂದೆ ಸುತ್ತು. ಆಮೇಲೆ ಬಾ, ಇದೇ ಪ್ರಶ್ನೆ ಕೇಳ್ತೀನಿ."

ಈಗ ಕೆಲಸಕ್ಕೆ ಸೇರುತ್ತಿರುವ ನಿಮಗೆ ಆ ಮೂರು ತಿಂಗಳು ಸಿಗುವುದಿಲ್ಲ ಎಂಬುದು ನನಗೆ ಗೊತ್ತು. ಫೋನಿನಲ್ಲಿ ಫೋಟೋ ತೆಗೆದರೆ ಹುಳುವಿನ ಹೆಸರು ತಾನೇ ಬರುತ್ತದೆ. ಆದರೆ ಹೆಸರು ಗೊತ್ತಾದ ಮೇಲೆ ಶುರುವಾಗುವುದೇ ನಿಜವಾದ ಕೆಲಸ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ತಮಿಳುನಾಡಿನ ಕಾರಮಡೈಯ ನೇಕಾರರ ಮನೆಯವಳು. ನಮ್ಮ ಮನೆಯಲ್ಲಿ ಮಾತು ಕನ್ನಡ, ಓದು ತಮಿಳು. ಕನ್ನಡ ಅಕ್ಷರಗಳನ್ನು ನನಗೆ ಕಲಿಸಿದವರು ಕೊಳ್ಳೇಗಾಲದ ಕಡೆಯಿಂದ ಬಂದ ನನ್ನ ಅತ್ತೆ, ಅದೂ ಮದುವೆಯಾಗಿ ಹತ್ತು ವರ್ಷದ ಮೇಲೆ. ಮಗ್ಗದ ಮನೆಯ ಹುಡುಗಿಗೆ ತೆಂಗಿನ ಕೀಟ ನೋಡುವ ಕೆಲಸ ಸಿಕ್ಕಿದಾಗ ನಮ್ಮಪ್ಪ, "ಹುಳ ಹಿಡಿಯೋಕೆ ಸರ್ಕಾರ ಆಳು ಇಡುತ್ತಾ?" ಎಂದು ಬೆರಗಾಗಿದ್ದರು.

ಇಡುತ್ತದೆ! ಧಾರಾಪುರಂ ಸುತ್ತಿನ ತೋಪುಗಳಲ್ಲಿ ಆ ಮೂರು ತಿಂಗಳು ನಾನು ಹುಳ ಹಿಡಿದೆ. ಅಷ್ಟು ಖುಷಿಯ ದಿನಗಳು ನನ್ನ ನೌಕರಿಯಲ್ಲಿ ಮತ್ತೆ ಹೆಚ್ಚು ಬರಲಿಲ್ಲ.

ಮೊದಲು ಕೊಂಬಿನ ದುಂಬಿ. ಕತ್ತಲಾದ ಮೇಲೆ ಹಾರಿ ಬಂದು ತೆಂಗಿನ ಸುಳಿಯನ್ನು ಹೊಗುತ್ತದೆ. ಇನ್ನೂ ಬಿಚ್ಚದ ಗರಿಗಳು ಅಲ್ಲಿ ಬಿಗಿಯಾಗಿ ಮಡಿಸಿಕೊಂಡಿರುತ್ತವಲ್ಲ, ಅವನ್ನು ಅಡ್ಡಡ್ಡ ಕೊರೆದು ರಸ ಹೀರುತ್ತದೆ. ಆ ಹೊತ್ತಿಗೆ ಹೊರಗೆ ಹೆಚ್ಚೇನೂ ಕಾಣುವುದಿಲ್ಲ. ತಿಂಗಳ ಮೇಲೆ ಗರಿ ಬಿಚ್ಚಿಕೊಂಡಾಗ ನೋಡಬೇಕು, ಮಡಿಸಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಬಿಡಿಸಿದಂತೆ ಎರಡೂ ಕಡೆ ಒಂದೇ ಅಳತೆಯ ತ್ರಿಕೋನಗಳು! ಮೊದಲ ಸಲ ಅದನ್ನು ನೋಡಿ ನಾನು ಚಪ್ಪಾಳೆ ತಟ್ಟಿಬಿಟ್ಟೆ. ತೋಪಿನ ಯಜಮಾನ ನನ್ನನ್ನು ದುರುಗುಟ್ಟಿ ನೋಡಿದ.

ಇದರ ಮಕ್ಕಳು ಮರದಲ್ಲಿ ಇರುವುದೇ ಇಲ್ಲ. ಗೊಬ್ಬರದ ಗುಂಡಿಯಲ್ಲಿ, ಕೊಳೆತ ತೆಂಗಿನ ದಿಮ್ಮಿಯಲ್ಲಿ ಬಿಳಿ ಕೊಬ್ಬಿನ ಮುದ್ದೆಗಳಂತೆ ಮುದುಡಿಕೊಂಡು ಕಸ ತಿನ್ನುತ್ತಾ ಬೆಳೆಯುತ್ತವೆ. ವೇಲುಸ್ವಾಮಿಯವರು ನನ್ನ ಕೈಯನ್ನು ಮೊಣಕೈವರೆಗೂ ಸಗಣಿ ಗುಂಡಿಗೆ ಹಾಕಿಸಿದರು. "ಎಣಿಸು" ಎಂದರು. ಒಂದು ಬುಟ್ಟಿ ಗೊಬ್ಬರದಲ್ಲಿ ನಲವತ್ತು ಸಿಕ್ಕವು. ಮರದ ತುದಿಯ ರೋಗಕ್ಕೆ ನೆಲದ ಮೇಲಿನ ಗುಂಡಿಯಲ್ಲಿ ಮದ್ದು ಎಂಬುದು ಅವತ್ತು ನನ್ನ ಕೈಗೇ ಅರ್ಥವಾಯಿತು.

ಕೆಂಪು ಮೂತಿಯದು ಪೂರ್ತಿ ಬೇರೆ ಸಂಸಾರ. ಹಗಲಲ್ಲೇ ಓಡಾಡುತ್ತದೆ. ಗಟ್ಟಿ ಮರವನ್ನು ಕೊರೆದು ಒಳಗೆ ನುಗ್ಗುವ ಶಕ್ತಿ ಅದಕ್ಕಿಲ್ಲ. ಅದಕ್ಕೆ ಬೇಕಾದದ್ದು ಒಂದು ಗಾಯ. ಮಟ್ಟೆ, ಅಂದರೆ ಗರಿಯ ದಿಂಡು, ಕಡಿದ ಜಾಗ, ಹತ್ತಲೆಂದು ಕಾಂಡದಲ್ಲಿ ಕಡಿದ ಮೆಟ್ಟಿಲು, ಇಲ್ಲವೇ ಕೊಂಬಿನ ದುಂಬಿ ಆಗಲೇ ಕೊರೆದಿಟ್ಟ ತೂತು. ಹಸಿ ಗಾಯದ ವಾಸನೆ ಹಿಡಿದು ಬಂದು ಅಲ್ಲಿ ಮೊಟ್ಟೆ ಇಡುತ್ತದೆ. ಅಷ್ಟೇ ಅದರ ಕೆಲಸ. ಆಮೇಲಿನದೆಲ್ಲ ಮಕ್ಕಳದು. ಕಾಲಿಲ್ಲದ ಆ ಮರಿಗಳು ಕಾಂಡದೊಳಗೆ ತಿನ್ನುತ್ತಾ ಸಾಗುತ್ತವೆ. ನಾರನ್ನೇ ಸುತ್ತಿ ಗೂಡು ಕಟ್ಟಿಕೊಂಡು ಅಲ್ಲೇ ದುಂಬಿಯಾಗುತ್ತವೆ. ಹೊರಗಿನಿಂದ ಮರ ಹಸಿರಾಗಿಯೇ ಕಾಣುತ್ತದೆ. ಒಂದು ದಿನ ಗಾಳಿಗೆ ಮಂಡೆ ಕಳಚಿ ಬೀಳುತ್ತದೆ.

ಮೂರು ತಿಂಗಳಾದ ಮೇಲೆ ವೇಲುಸ್ವಾಮಿಯವರು ಅದೇ ಪ್ರಶ್ನೆ ಕೇಳಿದರು. ನಾನು ಹೇಳಿದೆ: "ಸಾರ್, ಕೊಂಬಿನದರಲ್ಲಿ ದೊಡ್ಡವರು ಹಾಳು ಮಾಡ್ತಾರೆ, ಮಕ್ಕಳು ಪಾಪ. ಕೆಂಪು ಮೂತಿಯದರಲ್ಲಿ ದೊಡ್ಡವರು ಪಾಪ, ಮಕ್ಕಳು ಕೊಲ್ತಾರೆ. ಆದರೆ ಮೊದಲನೆಯದು ಗಾಯ ಮಾಡದಿದ್ದರೆ ಎಷ್ಟೋ ಸಲ ಎರಡನೆಯದಕ್ಕೆ ಒಳಗೆ ಹೋಗೋಕೆ ದಾರಿಯೇ ಇರಲ್ಲ."

ಅವರು ಮೇಜಿನ ಕೆಳಗಿಂದ ಒಂದು ಕುರ್ಚಿ ಎಳೆದು, "ಕೂತ್ಕೋ" ಎಂದರು.

ಮರ ಹತ್ತುವ ಮಾರಿಮುತ್ತುವಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ತುದಿ ಬಾಗಿಸಿದ ಕಬ್ಬಿಣದ ಕಂಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿ, ಸುಳಿಯ ತೂತಿನೊಳಗೆ ಕಂಬಿ ಬಿಟ್ಟು ತಿರುವಿ ಕೊಂಬಿನ ದುಂಬಿಯನ್ನು ಚುಚ್ಚಿ ಎಳೆಯುವುದರಲ್ಲಿ ಅವನಿಗೆ ಸಮಾನರಿರಲಿಲ್ಲ. ಆದರೆ ಹತ್ತುವಾಗ ಪ್ರತಿ ಮರಕ್ಕೂ ಕತ್ತಿಯಿಂದ ಮೆಟ್ಟಿಲು ಕಡಿಯುತ್ತಿದ್ದ. ಮೇಲೆ ಒಂದು ಹುಳ ತೆಗೆದು ಕೆಳಗೆ ಹತ್ತಕ್ಕೆ ಬಾಗಿಲು ತೆರೆಯುತ್ತಿದ್ದ ಎನ್ನಿ. ಬೇಡ ಎಂದಾಗ ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು: "ಮೇಡಂ, ಹುಳ ನಿಮ್ಮದು, ಬೀಳೋ ಕಾಲು ನನ್ನದು." ಅವನಿಗೆ ಉಪದೇಶ ನಿಲ್ಲಿಸಿ, ಹತ್ತುವ ಯಂತ್ರವೊಂದನ್ನು ತರಿಸಿ, ಮೊದಲು ನಾನೇ ಹತ್ತಿದೆ. ಎಂಟಡಿ ಮೇಲೆ ಹೋಗಿ ಇಳಿಯಲು ಬಾರದೆ ಕೂಗಿಕೊಂಡೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು ನನ್ನನ್ನು ಇಳಿಸಿಕೊಂಡ. ಮರುದಿನದಿಂದ ಆ ಯಂತ್ರ ಅವನದಾಯಿತು.

ಈಗ ಬಕೆಟ್ಟಿನ ಕಥೆ. ಇದನ್ನು ಬರೆಯಲು ಇಷ್ಟವಿಲ್ಲ, ಆದರೆ ನಿಮಗೆ ನನ್ನಿಂದ ಉಪಯೋಗವಾಗುವುದಾದರೆ ಇದೊಂದೇ.

ಕೆಂಪು ಮೂತಿಗೆ ವಾಸನೆಯ ಬಲೆ ಬಂದಾಗ ನಮ್ಮ ಕಚೇರಿಗೆ ಹಬ್ಬ ಬಂದಂತಾಗಿತ್ತು. ಒಂದು ಪ್ಲಾಸ್ಟಿಕ್ ಬಕೆಟ್ಟು, ಸುತ್ತ ನಾಲ್ಕು ತೂತು, ಮುಚ್ಚಳದ ಕೆಳಗೆ ದುಂಬಿಗಳು ಒಂದನ್ನೊಂದು ಕರೆಯುವ ವಾಸನೆಯ ಸಣ್ಣ ಪೊಟ್ಟಣ, ತಳದಲ್ಲಿ ಹುಳಿ ಬಂದ ಬೆಲ್ಲದ ನೀರು. ವಿಷ ಸಿಂಪಡಿಸುವುದು ಬೇಡ, ಮರ ಹತ್ತುವುದು ಬೇಡ. ದುಂಬಿ ತಾನಾಗಿ ಬಂದು ಬಕೆಟ್ಟಿಗೆ ಬೀಳುತ್ತದೆ! ಮೊದಲ ಬಲೆಯನ್ನು ಎಲ್ಲಿ ಕಟ್ಟುವುದು ಎಂದಾಗ ನನಗೆ ಹೊಳೆದದ್ದು ರಂಗಮ್ಮನ ತೋಪು.

ರಂಗಮ್ಮ ಧಾರಾಪುರಂನ ಆಚೆ ಅಮರಾವತಿ ಹೊಳೆಯ ಬದಿಯವರು. ಅವರ ಗಂಡ ಪೇಟೆಯಲ್ಲಿ ಅಂಗಡಿ ನೋಡಿಕೊಂಡರೆ ತೋಟ ಪೂರ್ತಿ ಇವರದು. ಆರು ವರ್ಷದ ನೂರಿಪ್ಪತ್ತು ತೆಂಗು, ಒಂದೊಂದನ್ನೂ ಅವರೇ ಕೈಯಾರೆ ಗುಂಡಿಗಿಟ್ಟದ್ದು. ಮೊದಲ ಭೇಟಿಯಲ್ಲಿ ನಾನು ತಮಿಳಿನಲ್ಲಿ ಮಾತಾಡುತ್ತಾ ಬಾಯಿತಪ್ಪಿ ಕನ್ನಡದಲ್ಲೇ "ಸುಳಿ" ಎಂದಿದ್ದೆ. ಅವರು ಕಣ್ಣರಳಿಸಿ, "ಅಯ್ಯೋ, ನಮ್ಮ ಪೇಚ್ಚು ಬರ್ತೈತಾ ಅಮ್ಮಣಿ ನಿಂಗೆ! ಆಫೀಸಿನೋರು ಯಾರೂ ಇದುವರ್ಗೂ ನಮ್ಮ ಮಾತಾಡಿಲ್ಲ. ಬಾ ಕಣ್ಣು, ಒಳಗ್ ಬಾ" ಎಂದು ಕೈ ಹಿಡಿದು ಕರೆದೊಯ್ದಿದ್ದರು. ಆ ಪ್ರೀತಿಗೆ ಪ್ರತಿಯಾಗಿ ನನಗೆ ಏನಾದರೂ ಒಳ್ಳೆಯದು ಮಾಡಬೇಕೆನಿಸಿತ್ತು.

ಏನು ಮಾಡಿದೆ ಕೇಳಿ. ಬಲೆ ಕಟ್ಟುವ ಮುನ್ನ ತೋಪು ಚೊಕ್ಕಟವಾಗಿರಲಿ ಎಂದು ಕೆಳಗಿನ ಹಸಿ ಮಟ್ಟೆಗಳನ್ನು ಬುಡದವರೆಗೂ ಕಡಿಸಿದೆ. ಮಾರನೆಯ ದಿನವೇ ಬಕೆಟ್ಟನ್ನು ತೋಪಿನ ನಟ್ಟನಡುವೆ ಒಂದು ಮರಕ್ಕೆ ಕಟ್ಟಿದೆ.

ಮೂರನೇ ದಿನ ರಂಗಮ್ಮನ ಫೋನು. "ಅಮ್ಮಣಿ, ಬಕೆಟ್ಟಲ್ಲಿ ಹದಿನಾಲ್ಕು ವಂಡು ಬಿದ್ದೈತೆ!" ವಂಡು ಎಂದರೆ ದುಂಬಿ. ಮರುವಾರ ಮೂವತ್ತು. ನಾನು ಕಚೇರಿಯಲ್ಲಿ ಬಕೆಟ್ಟಿನ ಫೋಟೋವನ್ನು ಎಲ್ಲರಿಗೂ ತೋರಿಸಿದೆ. ಬೇರೆ ಊರಿನವರು ನೋಡಲು ಬಂದರು. ರಂಗಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟು, "ನಮ್ಮ ಅಮ್ಮಣಿ ಕಟ್ಟಿದ್ದು" ಎಂದು ಹೆಮ್ಮೆಯಿಂದ ಹೇಳಿದರು.

ನಾಲ್ಕನೇ ತಿಂಗಳು ಬಕೆಟ್ಟಿನ ಪಕ್ಕದ ಮರದ ಮಂಡೆ ಕಳಚಿ ಬಿತ್ತು. ಎರಡೇ ವಾರದಲ್ಲಿ ಇನ್ನೆರಡು.

ನಾನು ಹೋದಾಗ ಬಿದ್ದ ಮರವನ್ನು ಮಾರಿಮುತ್ತು ಉದ್ದಕ್ಕೆ ಸೀಳುತ್ತಿದ್ದ. ಒಳಗೆ ಮರವಿರಲಿಲ್ಲ. ಕಂದು ಬಣ್ಣದ ನಾರಿನ ಗೊಜ್ಜು, ಅದರಲ್ಲಿ ಹೊರಳುವ ಮರಿಗಳು, ನಾರಿನ ಗೂಡುಗಳು. ಕೆಟ್ಟ ಹುಳಿ ವಾಸನೆ. ಮರಿಗಳು ಒಳಹೋದ ದಾರಿಯನ್ನು ಹಿಂದಕ್ಕೆ ಹುಡುಕಿಕೊಂಡು ಹೋದೆ. ಅದು ಮುಟ್ಟಿದ್ದು ನಾನು ಕಡಿಸಿದ ಮಟ್ಟೆಯ ಗಾಯಕ್ಕೆ. ಸತ್ತ ಮೂರು ಮರಗಳೂ ಬಕೆಟ್ಟಿನ ಸುತ್ತಲಿನವೇ.

ಆಗ ತಲೆಗೆ ಹೊಳೆಯಿತು. ಬಕೆಟ್ಟಿನ ವಾಸನೆಗೆ ಊರಿನ ದುಂಬಿಗಳೆಲ್ಲ ಈ ತೋಪಿಗೆ ಬಂದಿದ್ದವು. ಬಂದವೆಲ್ಲ ಬಕೆಟ್ಟಿಗೆ ಬೀಳಲಿಲ್ಲ. ಮಾರಿಮುತ್ತುವಿಗೆ ಹೇಳಿದ್ದ ಪಾಠವನ್ನು ಹೊಸ ಬಲೆಯ ಹುಮ್ಮಸ್ಸಿನಲ್ಲಿ ನಾನೇ ಮರೆತು, ಬೀಳದವಕ್ಕೆ ಪಕ್ಕದಲ್ಲೇ ಹಸಿ ಗಾಯಗಳನ್ನು ತೆರೆದಿಟ್ಟಿದ್ದೆ. ಕರೆದವಳೂ ನಾನೇ, ಎಲೆ ಹಾಕಿ ಬಡಿಸಿದವಳೂ ನಾನೇ.

ಕಚೇರಿಗೆ ಬಂದು ವೇಲುಸ್ವಾಮಿಯವರಿಗೆ ಹೇಳಿದೆ.

"ಕೀಟದ ಬಾಧೆಯಿಂದ ಮೂರು ಮರ ನಾಶ. ವರದಿಯಲ್ಲಿ ಹಾಗಂತ ಬರೆ. ಸುಳ್ಳೇನಲ್ಲವಲ್ಲ" ಎಂದರು.

"ಆಯಮ್ಮನಿಗೆ ಏನು ಹೇಳಲಿ ಸಾರ್?"

"ಏನೂ ಹೇಳಬೇಡ. ಬಲೆಯಿಂದ ಮರ ಸತ್ತಿತು ಅಂತ ಒಂದು ಸಲ ಊರಲ್ಲಿ ಹಬ್ಬಿದರೆ ಇನ್ನು ಹತ್ತು ವರ್ಷ ಯಾರೂ ಬಲೆ ಕಟ್ಟಿಸಿಕೊಳ್ಳಲ್ಲ. ಮತ್ತೆ ಎಲ್ಲರೂ ವಿಷದ ಡಬ್ಬಿ ಹಿಡೀತಾರೆ. ಬಲೆ ಕೆಟ್ಟದ್ದಲ್ಲಮ್ಮ. ಕಟ್ಟಿದ ಜಾಗ ಕೆಟ್ಟದ್ದು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಎಲ್ಲವನ್ನೂ ಕಲಿಸಿದವರು ಅವರು. ಆದರೆ ಆ ಮಜ್ಜಿಗೆಯ ಲೋಟಗಳು ಕಣ್ಣ ಮುಂದೆ ಬರುತ್ತಿದ್ದವು. ಮರುದಿನ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿ ಹೋದೆ. ರಂಗಮ್ಮ ಹಟ್ಟಿಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಕೂರದೆ, ನೀರೂ ಕುಡಿಯದೆ, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮಟ್ಟೆ ಕಡಿಸಿದ್ದು, ನಡುವೆ ಕಟ್ಟಿದ್ದು, ಎರಡೂ ನನ್ನ ತಪ್ಪು ಎಂದೆ.

ಅವರ ಕೈಯಲ್ಲಿದ್ದ ಹುಲ್ಲು ಹಾಗೇ ಉಳಿಯಿತು.

"ಸತ್ಯಮಾ ಹೇಳ್ತಿದ್ದೀಯಾ?"

"ಸತ್ಯ ರಂಗಮ್ಮ."

"ನಾನೇ ಎಲ್ಲರಿಗೂ ಹೇಳ್ಕೊಂಡ್ ಬಂದೆ. ನಮ್ಮ ಅಮ್ಮಣಿ, ನಮ್ಮ ಅಮ್ಮಣಿ ಅಂತ." ಅವರು ಬಿದ್ದ ಮರಗಳ ಕಡೆ ತಿರುಗಿದರು. "ಮಕ್ಳಂಗೆ ನೀರು ಹೊತ್ತು ಹಾಕಿದ್ದೆ ಕಣೇ ಅವಕ್ಕೆ."

ನಾನು ಅಲ್ಲೇ ನಿಂತಿದ್ದೆ. ಅವರು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಹೋದ್ದು ಹೋಯ್ತು. ಇನ್ನೂ ನೂರ ಹದಿನೇಳು ನಿಂತೈತೆ. ಅದ್ರಲ್ಲಿ ಒಳಗೆ ಹುಳ ಇರೋದು ಯಾವ್ದು? ಅದನ್ ಹೇಳು ಮೊದ್ಲು."

ಅದು ನನಗೆ ಗೊತ್ತಿರಲಿಲ್ಲ. ಹೊರಗಿನಿಂದ ಎಲ್ಲವೂ ಹಸಿರೇ. ಕಾಂಡದ ಮೇಲೆ ಕಂದು ಅಂಟು ಸೋರುತ್ತಿದ್ದರೆ ಗೊತ್ತಾಗುತ್ತದೆ, ಆದರೆ ಅಷ್ಟರಲ್ಲಿ ತಡವಾಗಿರುತ್ತದೆ. ಹಾಗೆಂದು ಅವರಿಗೆ ಹೇಳುತ್ತಿರುವಾಗ ಗೇಟಿನ ಬಳಿ ಬೈಕಿನ ಸದ್ದು. ವೇಲುಸ್ವಾಮಿಯವರು! ನನ್ನನ್ನು ನೋಡಲೇ ಇಲ್ಲ. ರಂಗಮ್ಮನಿಗೆ ಕೈಮುಗಿದು, ಹೆಗಲ ಚೀಲದಿಂದ ಡಾಕ್ಟರು ಎದೆಗಿಡುವ ಸ್ಟೆತಸ್ಕೋಪು ತೆಗೆದರು. ಪಕ್ಕದ ದನದ ಆಸ್ಪತ್ರೆಯಿಂದ ಕೇಳಿ ತಂದದ್ದು.

"ನಿನ್ನ ಕಿವಿ ಎಳೆಯದು, ನನ್ನದು ಮುದುಕನದು. ನೀನೇ ಕೇಳು" ಎಂದು ನನ್ನ ಕೈಗಿಟ್ಟರು. ನಾನು ಅವರ ಮಾತು ಮೀರಿ ಬಂದದ್ದರ ಬಗ್ಗೆ ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಮೊದಲ ಮರಕ್ಕೆ ಒತ್ತಿದೆ. ಏನೂ ಇಲ್ಲ. ಎರಡನೆಯದು, ಮೂರನೆಯದು, ಏನೂ ಇಲ್ಲ. ಹತ್ತನೆಯ ಮರದ ಹತ್ತಿರ ಗಾಳಿ ನಿಂತಿತ್ತು. ಮಂಡೆಗಿಂತ ಒಂದು ಮೊಳ ಕೆಳಗೆ ಇಟ್ಟು ಉಸಿರು ಬಿಗಿಹಿಡಿದೆ. ಕರ್... ಕರ್... ಕರ್. ಒಣ ರೊಟ್ಟಿಯನ್ನು ಯಾರೋ ನಿಧಾನವಾಗಿ ಅಗಿಯುತ್ತಿದ್ದ ಹಾಗೆ!

"ಇದೆ! ಸಾರ್, ಇದೆ! ತಿನ್ನೋದು ಕೇಳಿಸ್ತಿದೆ!"

ರಂಗಮ್ಮ ನನ್ನ ಕಿವಿಯಿಂದ ಅದನ್ನು ಕಿತ್ತುಕೊಂಡು ತಮ್ಮ ಕಿವಿಗೆ ಹಾಕಿಕೊಂಡರು. ಅವರ ಮುಖದಲ್ಲಿ ಸಿಟ್ಟು, ಬೆರಗು ಎರಡೂ ಒಟ್ಟಿಗೆ ಮೂಡಿದವು. "ಅಡ ಪಾವೀ! ಒಳಗ್ ಕೂತ್ಕೊಂಡು ತಿಂತೈತೆ!" ಎಂದು ಮರದೊಳಗಿನ ಹುಳಕ್ಕೇ ಬೈದರು.

ಆಮೇಲಿನ ಮೂರು ದಿನ ನಮಗೆ ಹಸಿವು ಬಾಯಾರಿಕೆ ನೆನಪಿರಲಿಲ್ಲ. ನೂರ ಹದಿನೇಳು ಮರಗಳನ್ನೂ ಕೇಳಿದೆವು. ಎಂಟರಲ್ಲಿ ಸದ್ದಿತ್ತು. ಬಕೆಟ್ಟನ್ನು ಬಿಚ್ಚಿ ತೋಪಿನಿಂದ ಬಹಳ ದೂರ, ಹೊಲದ ಬದುವಿನಲ್ಲಿ ನೆಟ್ಟ ಕಂಬಕ್ಕೆ ಕಟ್ಟಿದೆವು. ಗಾಯಗಳಿಗೆಲ್ಲ ಟಾರು ಬಳಿದೆವು. ಸದ್ದಿದ್ದ ಎಂಟು ಮರಗಳಲ್ಲಿ ಮಾರಿಮುತ್ತು ತೂತುಗಳನ್ನು ಹುಡುಕಿ, ಮೇಲಿನದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಜೇಡಿಮಣ್ಣಿನಿಂದ ಮುಚ್ಚಿದ. ಮೇಲಿನದಕ್ಕೆ ಆಲಿಕೆ ಇಟ್ಟು ಔಷಧ ಹೊಯ್ದು ಅದನ್ನೂ ಮುಚ್ಚಿದೆವು. ಬಿದ್ದ ಮರಗಳನ್ನು ಸೀಳಿ ಸುಟ್ಟೆವು. ಸುಮ್ಮನೆ ಬಿಟ್ಟಿದ್ದರೆ ಆ ಕೊಳೆತ ದಿಮ್ಮಿಗಳೇ ಕೊಂಬಿನ ದುಂಬಿಗೆ ಬಾಣಂತನದ ಮನೆಯಾಗುತ್ತಿದ್ದವು. ಒಂದು ದುಂಬಿಯ ಲೆಕ್ಕ ತೀರಿಸುವಾಗ ಇನ್ನೊಂದನ್ನು ಮರೆಯುವಂತಿಲ್ಲ.

ವಾರದ ಮೇಲೆ ಮತ್ತೆ ಕೇಳಿದೆ. ಎಂಟರಲ್ಲೂ ಸದ್ದು ನಿಂತಿತ್ತು. ಆದರೆ ಹುಳ ಸತ್ತಮಾತ್ರಕ್ಕೆ ಮರ ಬದುಕಿತು ಎಂದಲ್ಲ. ಸುಳಿಯ ಬುಡ ಉಳಿದಿದ್ದರೆ ಮಾತ್ರ ಮರ ಉಂಟು. ಅದು ತಿಳಿಯಬೇಕಾದರೆ ಸುಳಿ ಬೆಳೆಯುತ್ತದೆಯೇ ಎಂದು ಕಾಯಬೇಕು.

ಕಾಯುವ ಉಪಾಯ ರಂಗಮ್ಮನದು. ಅದಕ್ಕೆ ಎರಡು ದಿನ ಮೊದಲು ಕಾರಮಡೈಗೆ ಹೋಗಿದ್ದಾಗ ನಾನು ಸೀರೆಯ ಕುಚ್ಚಿಗೆಂದು ತಂದಿದ್ದ ಕೆಂಪು ರೇಷ್ಮೆ ನೂಲು ಚೀಲದಲ್ಲೇ ಇತ್ತು. ಅದನ್ನು ನೋಡಿ, "ಇದನ್ನ ಸುಳಿಗೆ ಕಟ್ಟಾಣ ಅಮ್ಮಣಿ. ಪಕ್ಕದ ಮಟ್ಟೆ ಮಟ್ಟಕ್ಕೆ ಸಮ ಕಟ್ಟಿದ್ರೆ, ಸುಳಿ ಬೆಳೆದ್ರೆ ನೂಲು ಮ್ಯಾಲಕ್ಕೋಗ್ತೈತೆ. ಬೆಳೀದಿದ್ರೆ ಅಲ್ಲೇ ಇರ್ತೈತೆ" ಎಂದರು. ಇಷ್ಟು ಸರಳವಾದ ಅಳತೆಯನ್ನು ನಾನು ಯಾವ ತರಬೇತಿಯಲ್ಲೂ ಕೇಳಿರಲಿಲ್ಲ. ಎಳೆ ಮರಗಳಾದ್ದರಿಂದ ಏಣಿ ಸಾಕಾಯಿತು. ಎಂಟು ಮರಗಳಿಗೂ ಕಟ್ಟಿದೆವು.

ಹತ್ತು ದಿನದಲ್ಲಿ ಐದು ಮರಗಳ ನೂಲು ಮೇಲೆ ಹೋಯಿತು. ಆರನೆಯದೂ ಹೋಯಿತು. ಏಳನೆಯದರ ಸುಳಿ ಎಳೆದರೆ ಕೈಗೇ ಬಂತು, ಬುಡ ಕೊಳೆತಿತ್ತು. ಎಂಟನೆಯದು ಗೇಟಿನ ಪಕ್ಕದ್ದು, ತೋಪಿನಲ್ಲಿ ಮೊದಲ ಹೊಂಬಾಳೆ ಬಿಟ್ಟದ್ದು. ಸುಳಿ ಹಳದಿಯಾಗಿತ್ತು. ಎಳೆದರೆ ಬರುತ್ತಿರಲಿಲ್ಲ, ಬೆಳೆಯುತ್ತಲೂ ಇರಲಿಲ್ಲ. ಎರಡು ವಾರ, ಮೂರು ವಾರ, ನೂಲು ಕಟ್ಟಿದಲ್ಲೇ. ಮಾರಿಮುತ್ತು ಕಡಿದುಬಿಡೋಣ ಎಂದ. ಸುಳಿ ಸತ್ತ ಮರವನ್ನು ನಿಲ್ಲಿಸಿಕೊಂಡರೆ ಉಳಿದವಕ್ಕೆ ಅಪಾಯ, ಅವನು ಹೇಳಿದ್ದು ಸರಿಯೇ. ರಂಗಮ್ಮ ನನ್ನ ಮುಖ ನೋಡಿದರು. ಇನ್ನೊಂದು ವಾರ ಕಾಯೋಣ ಎಂದು ನಾನು ಕೇಳಿಕೊಂಡೆ.

ಆ ವಾರ ಕೊಯಮತ್ತೂರಿನಲ್ಲಿ ನಮಗೊಂದು ಸಭೆ. ದೊಡ್ಡ ಅಧಿಕಾರಿಗಳು ಗೋಡೆಯ ಮೇಲೆ ಚಿತ್ರ ಹಾಕಿಕೊಂಡು ಭಾಷಣ ಮಾಡುತ್ತಿದ್ದರು. ನಡುವೆ ನನ್ನ ಫೋನು ಕೂಗಿತು. ರಂಗಮ್ಮನ ಹೆಸರು ನೋಡಿ ಎತ್ತಿಬಿಟ್ಟೆ.

"ಅಮ್ಮಣಿ! ನೂಲು ಮ್ಯಾಲಕ್ಕೋಗೈತೆ!"

"ಯಾವುದು? ಗೇಟಿನದಾ?" ನಾನು ಎದ್ದು ನಿಂತಿದ್ದೆ.

"ಆಮಾ ಕಣ್ಣು, ಗೇಟಿಂದೇ! ನಾನೇ ಏಣಿ ಮ್ಯಾಲೆ ನಿಂತಿವ್ನಿ!"

"ಎಷ್ಟು ಹೋಗಿದೆ? ಕಣ್ಣಿಗೆ ಹಾಗೆ ಕಂಡಿರಬಹುದು, ಕೈ ಇಟ್ಟು ಅಳೆದು ನೋಡಿ!"

"ಅಳೆದೇ ಹೇಳ್ತಿರೋದು! ನಾಲ್ಕು ಬೆರಳು!"

ತಮಿಳಿನ ಆ ಸಭೆಯಲ್ಲಿ ನಾನು ಕನ್ನಡದಲ್ಲಿ ಕೂಗುತ್ತಿದ್ದೆ. ಎಲ್ಲರೂ ತಿರುಗಿ ನೋಡಿದರು. ಮುಂದಿನ ಸಾಲಿನಲ್ಲಿದ್ದ ವೇಲುಸ್ವಾಮಿಯವರಿಗೆ ನಮ್ಮ ಭಾಷೆ ಬಾರದು. ಆದರೆ ನಾನು ಗಾಳಿಯಲ್ಲಿ ಎತ್ತಿ ಹಿಡಿದಿದ್ದ ನಾಲ್ಕು ಬೆರಳುಗಳನ್ನು ನೋಡಿ, ಅಷ್ಟು ಜನರ ನಡುವೆ ಅವರೂ ಎದ್ದು ನಿಂತರು.

"ರಂಗಮ್ಮ, ಏಣಿಯಿಂದ ನಿಧಾನ ಇಳೀರಿ" ಎಂದೆ. "ನಾವು ಈಗಲೇ ಹೊರಟಿದ್ದೀವಿ."

"ಇಳಿಯಲ್ಲ" ಎಂದರು ರಂಗಮ್ಮ. "ನೀವು ಬರೋ ಹೊತ್ಗೆ ಅದು ಇನ್ನೂ ಬೆಳೆದಿರ್ತೈತೆ. ನಾನು ನೋಡ್ತಾ ಇರ್ತೀನಿ, ನೀವು ಬನ್ನಿ."